ಹೊಸ ವಿಮಾನಕ್ಕೆ ಹಳೆಯ ಕೈ

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ರೇಡಿಯೋದಲ್ಲಿ ಹಾರಿಸೋ ಆಟದ ವಿಮಾನಗಳಲ್ಲಿ ಟ್ರೇನರ್, ಅಂದರೆ ಕಲಿಯುವವರ ವಿಮಾನ, ಕೈಗೆ ಕೂತಿದೆ, ಇನ್ನು ಯುದ್ಧವಿಮಾನದ ಮಾಡೆಲ್ ತರ್ತೀನಿ ಅಂತ ಬರೆದಿದ್ದೀಯ. ತಗೊಳ್ಳಪ್ಪ, ಬೇಡ ಅನ್ನಲ್ಲ. ಆದರೆ ಇಷ್ಟು ದಿನ ಅರ್ಧ ಕೆಲಸ ಮಾಡುತ್ತಿದ್ದದ್ದು ಆ ಟ್ರೇನರೇ. ಅದರ ರೆಕ್ಕೆ ಮೇಲಿದೆ, ತುದಿಗಳು ಮೇಲೆದ್ದಿವೆ. ಕೈಯಲ್ಲಿರೋ ರೇಡಿಯೋದ ಸ್ಟಿಕ್ ಬಿಟ್ಟರೆ ತಾನೇ ಮಟ್ಟಕ್ಕೆ ಬರುತ್ತದೆ. ಯುದ್ಧವಿಮಾನದಂಥ ಕೆಳರೆಕ್ಕೆಯದು ವಾಲಿಸಿದಷ್ಟಕ್ಕೇ ನಿಂತಿರುತ್ತದೆ, ಎದುರು ಸ್ಟಿಕ್ ಕೊಟ್ಟು ನೀನೇ ಎತ್ತಬೇಕು.

ನನ್ನ ಮೊದಲ ಯುದ್ಧವಿಮಾನ ಎರಡನೇ ಹಾರಾಟಕ್ಕೇ ಪುಡಿಯಾಯಿತು. ಇಳಿಸುವಾಗ ಹಳೆಯ ಅಭ್ಯಾಸದಲ್ಲಿ ಥ್ರಾಟಲ್, ಅಂದರೆ ಮೋಟಾರಿನ ಜೋರು, ಪೂರ್ತಿ ಇಳಿಸಿ, ಮೂಗು ಎತ್ತೋಕೆ ಬಾಲದ ಎಲಿವೇಟರ್ ಎಳೆಯುತ್ತಾ ಬಂದೆ. ಟ್ರೇನರಾಗಿದ್ದರೆ ಮೂಗು ತಗ್ಗಿಸಿ ಸುಮ್ಮನಾಗುತ್ತಿತ್ತು. ಇದು ಆಳೆತ್ತರದಲ್ಲಿ ಎಡರೆಕ್ಕೆಯನ್ನು ಥಟ್ಟನೆ ಕೆಡವಿತು. ಗಾಬರಿಯಲ್ಲಿ ಬಲಕ್ಕೆ ಏಲರಾನ್ (ವಿಮಾನ ವಾಲಿಸೋಕೆ ರೆಕ್ಕೆಯ ಹಿಂದಂಚಲ್ಲಿರೋ ಹಲಗೆ) ಕೊಟ್ಟೆ, ಇನ್ನೂ ಕೆಟ್ಟಿತು. ಬಲಕ್ಕೆ ಕೊಟ್ಟಾಗ ಎಡರೆಕ್ಕೆಯ ಏಲರಾನ್ ಕೆಳಕ್ಕೆ ಬಾಗುತ್ತದಲ್ಲ, ಮೊದಲೇ ಸ್ಟಾಲ್ ಆಗಿ ಎತ್ತುವ ಬಲ ಕಳೆದುಕೊಂಡಿದ್ದ ರೆಕ್ಕೆ ಅದರಿಂದ ಪೂರಾ ಸತ್ತಿತು. ಎಲಿವೇಟರ್ ಸಡಿಲ ಬಿಟ್ಟು ಥ್ರಾಟಲ್ ಕೊಡಬೇಕಿತ್ತು. ಅಷ್ಟು ಕೆಳಗೆ ಅದಕ್ಕೂ ಜಾಗ ಇರಲಿಲ್ಲ ಅನ್ನು.

ಅದಕ್ಕೇ ಮೊದಲ ಹಾರಾಟದಲ್ಲಿ ಕಸರತ್ತು ಬೇಡ. ಎರಡು ತಪ್ಪು ಮಾಡಿದರೂ ಉಳಿಯುವಷ್ಟು ಮೇಲೆ ಹೋಗು, ಥ್ರಾಟಲ್ ಇಳಿಸು, ನಿಧಾನಕ್ಕೆ ಎಲಿವೇಟರ್ ಎಳಿ. ಯಾವ ರೆಕ್ಕೆ ಬೀಳುತ್ತೆ, ಬೀಳೋ ಮುಂಚೆ ನಡುಗುತ್ತಾ ಅಥವಾ ಹೇಳದೇ ಕೇಳದೇ ಬೀಳುತ್ತಾ, ನೋಡು. ರೆಕ್ಕೆಯ ಹಿಂದಂಚಿನ ಫ್ಲಾಪ್ ಹಲಗೆ ಇಳಿಸಿ ಇನ್ನೊಮ್ಮೆ ಮಾಡು. ಅಲ್ಲಿ ಕಂಡ ವೇಗಕ್ಕಿಂತ ಚೆನ್ನಾಗಿ ಜಾಸ್ತಿ ಇಟ್ಟುಕೊಂಡೇ ಇಳಿಸು.

ಬಾಲಚಕ್ರದ್ದಾದರೆ ನೆಲದ ಮೇಲೇ ಜಗಳ ಶುರು. ಥ್ರಾಟಲ್ ಒಮ್ಮೆಲೇ ತಳ್ಳಿದರೆ ಮೂಗು ಎಡಕ್ಕೆ ಓಡುತ್ತದೆ. ಮೆಲ್ಲಗೆ ಏರಿಸು, ಮೂಗು ತಿರುಗಿಸೋ ಬಾಲದ ರಡ್ಡರ್ ಬಲಕ್ಕೆ ಕೊಡೋಕೆ ಬೆರಳಿರಲಿ. ಒಂದರ ಮೇಲೊಂದು ಎರಡು ರೆಕ್ಕೆಯಿರೋ ಬೈಪ್ಲೇನಿಗೆ ಥ್ರಾಟಲ್ ತೆಗೆದರೆ ಬ್ರೇಕ್ ಹಾಕಿದ ಹಾಗೆ, ನೆಲ ಮುಟ್ಟುವ ತನಕ ಸ್ವಲ್ಪ ಉಳಿಸಿಕೋ. ಗಾಳಿಯಲ್ಲಿ ತೇಲೋ ಗ್ಲೈಡರ್ ಅದಕ್ಕೆ ತದ್ವಿರುದ್ಧ, ಇಳಿ ಅಂದರೂ ಇಳಿಯದೆ ಮೈದಾನ ದಾಟಿಬಿಡುತ್ತೆ. ಹೊಟ್ಟೆಯೊಳಗೆ ಫ್ಯಾನ್ ಇರೋ ಫ್ಯಾನ್ ಜೆಟ್‌ನಲ್ಲಿ ಬಾಲದ ಮೇಲೆ ಪ್ರೊಪೆಲರ್ ಗಾಳಿಯೇ ಬೀಸಲ್ಲ, ವೇಗ ಬರುವವರೆಗೂ ಎಲಿವೇಟರ್ ಮಾತು ಕೇಳಲ್ಲ. ಅದನ್ನು ಸದ್ಯಕ್ಕೆ ಮುಟ್ಟಬೇಡ.

ತೂಕದ ಮಧ್ಯಬಿಂದು ಕೈಪಿಡಿ ಹೇಳಿದಲ್ಲೇ ಇರಲಿ. ಸಾಮಾನ್ಯವಾಗಿ ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ 25ರಿಂದ 30 ಶೇಕಡಾ ಹಿಂದೆ ಬರುತ್ತದೆ. ಬ್ಯಾಟರಿ ಹಾಕಿದ ಮೇಲೇ ನೋಡು.

ಇನ್ನೊಂದು, ರೇಡಿಯೋದಲ್ಲಿ ಹಳೆಯ ಮಾಡೆಲ್ಲಿನ ಸೆಟ್ಟಿಂಗೇ ಉಳಿದಿದೆಯಾ ಅಂತ ಹಾರಿಸೋ ಮುಂಚೆ ನೋಡಿಕೋ. ನಾನೊಮ್ಮೆ ನೋಡಲಿಲ್ಲ, ಏಲರಾನ್ ಉಲ್ಟಾ. ಆ ಕತೆ ನಿಮ್ಮಮ್ಮನಿಗೆ ಗೊತ್ತು, ಕೇಳಿದರೆ ನಕ್ಕು ನಕ್ಕು ಹೇಳ್ತಾಳೆ.

ಇತಿ,
ನಿನ್ನ ಮಾವ