ಗೆಳೆಯನಿಗೊಂದು ಪತ್ರ: ಟೆಂಟ್‌ನಲ್ಲಿ ಮೂರನೇ ಜಾಗ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಮೂರು ವಾರ ಆಯಿತು. "ಅಲ್ಲೂ ಕಡಲು ಇರಬಹುದು ಮಾರಾಯಾ, ಆದರೆ ನಮ್ಮ ಕುಮಟಾ-ಗೋಕರ್ಣದ ದಾರಿ ಅಲ್ಲೆಲ್ಲಿ ಬರಬೇಕು?" ಅಂತ ನೀನು ಕೇಳಿದ್ದೆ. ಓದಿ ಸುಮ್ನೆ ಕೂತುಬಿಟ್ಟೆ. ಹೋದ ವಾರ ಮಗಳ ಜೊತೆ ಎರಡು ದಿನ ಕಡಲ ಅಂಚಿನಲ್ಲೇ ನಡೆದು ಬಂದೆ. ಮೀನಖಂಡ ಇನ್ನೂ ಬಿಗಿದುಕೊಂಡಿದೆ. ಅದು ಸಡಿಲವಾಗುವ ಮೊದಲೇ ನಿನಗೆ ಬರೆಯಬೇಕು ಅನ್ನಿಸಿತು.

ನಾನಿರುವ ಆಸ್ಟ್ರೇಲಿಯಾದಲ್ಲಿ, ಸಿಡ್ನಿಯ ದಕ್ಷಿಣಕ್ಕೆ ರಾಯಲ್ ನ್ಯಾಷನಲ್ ಪಾರ್ಕ್ ಇದೆ. 1879ರಲ್ಲಿ ಆದದ್ದು. ಅಮೆರಿಕದ ಯೆಲ್ಲೋಸ್ಟೋನ್ ಆದ ಮೇಲೆ ಬರೀ ಏಳು ವರ್ಷಕ್ಕೆ! ಅದರ ಪೂರ್ವದ ಅಂಚಿನಲ್ಲಿ, ಬಂಡೀನಾ ಊರಿನಿಂದ ಆಟ್‌ಫರ್ಡ್‌ವರೆಗೆ, 26 ಕಿಲೋಮೀಟರ್ ಕಾಲುದಾರಿ. ಒಂದು ಕಡೆ ಬಂಡೆ, ಪೊದೆ. ಇನ್ನೊಂದು ಕಡೆ ಪೆಸಿಫಿಕ್ ಸಾಗರ. ಇಲ್ಲಿಯವರು ಟ್ರೆಕ್ಕಿಂಗ್ ಅನ್ನುವುದಿಲ್ಲ, ಬುಷ್‌ವಾಕಿಂಗ್ ಅನ್ನುತ್ತಾರೆ.

ಶುರುವಾಗುವುದೇ ದೋಣಿಯಿಂದ. ಕ್ರೊನುಲ್ಲಾದಿಂದ ಬಂಡೀನಾಕ್ಕೆ ಸಣ್ಣ ಫೆರ್ರಿ, ಅರ್ಧ ಗಂಟೆಯ ದಾರಿ. ಬೆಂಚಿನ ಮೇಲೆ ಬ್ಯಾಗ್ ಇಟ್ಟು ಕೂತ ಕೂಡಲೇ ನನಗೆ ಅಘನಾಶಿನಿ ನೆನಪಾಯಿತು. ತದಡಿಗೆ ದಾಟುವಾಗ ನೀನು ಯಾವಾಗಲೂ ದೋಣಿಯ ಮೂತಿಯಲ್ಲೇ ನಿಲ್ಲುತ್ತಿದ್ದೆ. ಇಲ್ಲಿ ಮಗಳು ಹೋಗಿ ಅಲ್ಲೇ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಜೂನ್ ಅಂದರೆ ಇಲ್ಲಿ ಚಳಿಗಾಲ. ಅಲ್ಲಿ ನಿಮಗೆ ಮಳೆ ಹಿಡಿದುಕೊಂಡಿದ್ದರೆ ಇಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ನಡೆಯಲು ಇದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಈ ದಾರಿಗೆ ನೆರಳೇ ಕಡಿಮೆ, ಕಾಳ್ಗಿಚ್ಚಿನ ಭಯ ಬೇರೆ. ಅಪಾಯ ಜಾಸ್ತಿ ಇರುವ ದಿನ ಪಾರ್ಕನ್ನೇ ಮುಚ್ಚಿಬಿಡುತ್ತಾರೆ. 1994ರ ಜನವರಿಯ ಬೆಂಕಿಯಲ್ಲಿ ಈ ಕಾಡಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಸುಟ್ಟುಹೋಗಿತ್ತು. ಈಗ ನೋಡಿದರೆ ನಂಬುವುದು ಕಷ್ಟ. ದಾರಿಯ ಎರಡೂ ಕಡೆ ಬ್ಯಾಂಕ್ಸಿಯಾ ಹೂ ಬಿಟ್ಟಿತ್ತು. ದೀಪದ ಕಂಬದ ಹಾಗೆ ನೆಟ್ಟಗೆ ನಿಲ್ಲುವ ಕಿತ್ತಳೆ ಬಣ್ಣದ ಹೂ. ಪೂರ್ತಿ ಒಣಗಿ ಮರದ ತುಂಡಿನಂತಾದ ಅದರ ಕಾಯನ್ನು ಮಗಳು ತೋರಿಸಿದಳು. ಬೀಜಗಳು ಅದರೊಳಗೆ ವರ್ಷಗಟ್ಟಲೆ ಬಿಗಿಯಾಗಿ ಕೂತಿರುತ್ತವೆ. ಬೆಂಕಿ ಬಂದರೆ ತಾಯಿ ಗಿಡ ಸಾಯುತ್ತದೆ, ಆ ಬಿಸಿಗೆ ಕಾಯಿ ಬಾಯಿ ಬಿಡುತ್ತದೆ, ಬೂದಿಯ ಮೇಲೆ ಬೀಜ ಬೀಳುತ್ತದೆ. ಇದನ್ನು ಅವಳು ಶಾಲೆಯಲ್ಲಿ ಕಲಿತಿದ್ದಾಳೆ. ನಾನು ಹನ್ನೊಂದು ವರ್ಷದಿಂದ ಈ ಗಿಡ ನೋಡುತ್ತಿದ್ದೇನೆ, ಮೊನ್ನೆ ಗೊತ್ತಾಯಿತು.

ನಮ್ಮ ಕಡೆ ಕೆಂಪು ಮುರಕಲ್ಲು, ಇಲ್ಲಿ ಮರಳುಗಲ್ಲು. ಜೇನು ಬಣ್ಣ, ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿ. ವೆಡ್ಡಿಂಗ್ ಕೇಕ್ ರಾಕ್ ಅನ್ನುವ ಬಿಳಿ ಬಂಡೆಗೆ ಈಗ ಬೇಲಿ ಹಾಕಿದ್ದಾರೆ. ಅಡಿಯಲ್ಲಿ ಕಲ್ಲು ಸವೆದುಹೋಗಿದೆ, ಯಾವಾಗ ಬೇಕಾದರೂ ಕಡಲಿಗೆ ಬೀಳಬಹುದು. ಬೇಲಿ ದಾಟಿ ಫೋಟೋ ತೆಗೆಸಿಕೊಳ್ಳುವವರು ಈಗಲೂ ಇದ್ದಾರೆ. ನನಗೆ ಸಿಟ್ಟೇ ಬರುತ್ತದೆ. ಮರವಂತೆಯಲ್ಲೋ ಮುರುಡೇಶ್ವರದಲ್ಲೋ ಅಲೆಗೆ ಸಿಕ್ಕವರ ಸುದ್ದಿ ಓದಿದವರಿಗೆ ಅದು ಆಟ ಅನ್ನಿಸುವುದಿಲ್ಲ.

ಮಾರ್ಲಿ ಬೀಚ್‌ನಲ್ಲಿ ಶೂ ಬಿಚ್ಚಿ ನಡೆದೆವು. ನೀರಿಗೆ ಇಳಿಯಲಿಲ್ಲ. ಅಲ್ಲಿ ಸೆಳೆತ ಕೆಟ್ಟದ್ದು, ಕಾವಲಿನವರೂ ಇಲ್ಲ. ಮುಂದೆ ವಾಟಮೊಲ್ಲಾ. ಜಲಪಾತವೊಂದು ಬಿದ್ದು ಕೊಳವಾಗಿ, ಕೊಳದ ಆಚೆ ಮರಳು, ಮರಳಿನ ಆಚೆ ಕಡಲು. 1796ರಲ್ಲಿ ಇಂಗ್ಲಿಷ್ ಅನ್ವೇಷಕರಾದ ಜಾರ್ಜ್ ಬಾಸ್, ಮ್ಯಾಥ್ಯೂ ಫ್ಲಿಂಡರ್ಸ್ ಮತ್ತು ಒಬ್ಬ ಹುಡುಗ, ಪುಟ್ಟ ದೋಣಿಯಲ್ಲಿ ಬಿರುಗಾಳಿಗೆ ಸಿಕ್ಕಿ ಇದೇ ಜಾಗಕ್ಕೆ ನುಗ್ಗಿ ಜೀವ ಉಳಿಸಿಕೊಂಡರಂತೆ. ಅಲ್ಲಿ ಕೂತು ನಾವು ಮೊಸರವಲಕ್ಕಿ ತಿಂದೆವು, ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಜೊತೆ.

ಊಟ ಆದ ಮೇಲೆ ಒಂದು ಗಂಟೆ ನಡೆದಿರಬೇಕು. ಕರಾಕರಾಂಗ್ ಹತ್ತಿರ ಹದ್ದಿನ ತಲೆಯ ಹಾಗೆ ಚಾಚಿಕೊಂಡ ಬಂಡೆ ಇದೆ, ಪಕ್ಕದಲ್ಲೇ ತೊರೆಯೊಂದು ನೇರ ಸಮುದ್ರಕ್ಕೇ ಬೀಳುತ್ತದೆ. ಗಾಳಿ ಜೋರಿದ್ದರೆ ಆ ನೀರು ಕೆಳಗೆ ಹೋಗದೆ ಮೇಲಕ್ಕೇ ಹಾರಿ ಮುಖಕ್ಕೆ ಸಿಡಿಯುತ್ತದೆ. ನಾವು ಮುಖ ಒರೆಸಿಕೊಳ್ಳುತ್ತಿದ್ದಾಗ ದೂರದಲ್ಲಿ ನೀರಿನಿಂದ ಬಿಳಿ ಹೊಗೆಯ ಹಾಗೆ ಎದ್ದಿತು. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಮತ್ತೆ ಎದ್ದಿತು, ಪಕ್ಕದಲ್ಲಿ ಇನ್ನೊಂದು. ಆಮೇಲೆ ಕಪ್ಪು ಬೆನ್ನು, ನಿಧಾನವಾಗಿ. ಹಂಪ್‌ಬ್ಯಾಕ್ ತಿಮಿಂಗಿಲಗಳು. ಅಂಟಾರ್ಕ್ಟಿಕಾದ ತಣ್ಣೀರಿನಿಂದ ಉತ್ತರದ ಬೆಚ್ಚನೆ ನೀರಿಗೆ ಮರಿ ಹಾಕಲು ಹೋಗುತ್ತವೆ. ಅವಕ್ಕೂ ಇದೇ ದಾರಿ. ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಒಂದು ಮಾತೂ ಆಡಲಿಲ್ಲ.

ಅಲ್ಲಿ ನಿಂತದ್ದಕ್ಕೆ ಮುಂದೆ ತೊಂದರೆಯಾಯಿತು. ಜೂನ್‌ನಲ್ಲಿ ಇಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಗ್ಯಾರಿ ಬೀಚಿನ ದೊಡ್ಡ ಏರಿಳಿತ ಮುಗಿಸಿ ನಾರ್ತ್ ಈರಾ ಕ್ಯಾಂಪ್ ಮುಟ್ಟುವಾಗ ಕತ್ತಲಾಗಿತ್ತು. ಅಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ತಲಾ ಮೂರು ಲೀಟರ್ ಹೊತ್ತಿದ್ದೆವು. ನೋಡಿದರೆ ಇಬ್ಬರದ್ದೂ ಸೇರಿ ಒಂದು ಲೀಟರ್ ಉಳಿದಿತ್ತು. ಅದರಲ್ಲೇ ಅಡುಗೆ, ರಾತ್ರಿ, ಬೆಳಿಗ್ಗೆ. ನನಗೆ ನಿಜವಾಗಿ ಹೆದರಿಕೆಯಾಯಿತು, ಮಗು ಜೊತೆಗಿದೆಯಲ್ಲ. ಪಕ್ಕದ ಟೆಂಟಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಕೇಳುವ ಮೊದಲೇ ಎರಡು ಲೀಟರಿನ ಚೀಲ ತಂದು ಕೊಟ್ಟರು. ನಾನು ಬಿಸಿಬಿಸಿ ಸಾರು ಮಾಡಿ ಅವರಿಗೂ ಕೊಟ್ಟೆ. ಒಲೆ ಅಂದರೆ ಸಣ್ಣ ಗ್ಯಾಸ್ ಸ್ಟೌವ್ ಮಾತ್ರ, ಕಟ್ಟಿಗೆ ಬೆಂಕಿ ಹಾಕುವಂತಿಲ್ಲ. ಹುಲ್ಲಿನ ಮೇಲೆ ಕೂತು, ಅಲೆಯ ಸದ್ದಿನಲ್ಲಿ, ನಾಲ್ಕು ಜನ ಲೋಟದಲ್ಲಿ ಸಾರು ಕುಡಿದೆವು. ಆ ಅಜ್ಜಿ ಇಂಗಿನ ವಾಸನೆ ಏನೆಂದು ಕೇಳಿದರು. ಡಬ್ಬಿಯನ್ನೇ ತೋರಿಸಿದೆ.

ರಾತ್ರಿ ಟೆಂಟಿನ ಹೊರಗೆ ಹುಲ್ಲು ಹರಿಯುವ ಸದ್ದು. ಟಾರ್ಚ್ ಬಿಟ್ಟರೆ ಜಿಂಕೆ. ಜಾವಾ ಮೂಲದ ರೂಸಾ ಜಿಂಕೆ, ನಮ್ಮ ಕಡವೆಗೆ ಹತ್ತಿರದ ನೆಂಟ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿಗೆ ತಂದು ಬಿಟ್ಟರು. ಈಗ ಸಂಖ್ಯೆ ಬೆಳೆದು ಇಲ್ಲಿನ ಗಿಡಗಳಿಗೇ ಕಂಟಕ. "ಅಪ್ಪಾ, ಇದೂ ಹೊರಗಿಂದ ಬಂದದ್ದು ಅಲ್ವಾ?" ಅಂದಳು ಮಗಳು. ಹೌದು ಅಂದೆ. ನಿದ್ದೆ ತುಂಬಾ ಹೊತ್ತು ಬರಲಿಲ್ಲ.

ನಿನ್ನ ಪ್ರಶ್ನೆ ಆಗ ತಲೆಯಲ್ಲಿತ್ತು. ಬಂಡೀನಾದ ಹತ್ತಿರ ಜಿಬ್ಬನ್ ಅನ್ನುವ ಕಡೆ ಬಂಡೆಯ ಮೇಲೆ ಇಲ್ಲಿನ ಮೂಲನಿವಾಸಿ ಧರಾವಲ್ ಜನ ಕೊರೆದ ಚಿತ್ರಗಳಿವೆ. ಹೋದ ವರ್ಷ ನೋಡಿದ್ದೆ. ತಿಮಿಂಗಿಲ ಇದೆ, ತೊರಕೆ ಮೀನು ಇದೆ. ಕ್ಯಾಪ್ಟನ್ ಕುಕ್ 1770ರಲ್ಲಿ ಬಂದದ್ದು ಪಕ್ಕದ ಬಾಟನಿ ಬೇಗೆ. ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿದ್ದವರು ಅವರು. ಹಗಲು ನಾನು ಬಾಯಿ ಬಿಟ್ಟು ನೋಡಿದ ತಿಮಿಂಗಿಲವನ್ನೇ ಅವರೂ ನೋಡಿ ಕಲ್ಲಿನಲ್ಲಿ ಇಟ್ಟಿದ್ದಾರೆ. ಹಾಗಾಗಿ ಈ ಕಡಲು ನನ್ನದು ಅಂತ ನಾನು ಹೇಳಲಾರೆ ಕಣೋ. ಆದರೆ ಇನ್ನು ಮೇಲೆ ಪರಕೀಯವೂ ಅಲ್ಲ. ಕುಮಟಾದ ದಾರಿ ನನಗೆ ಹುಟ್ಟಿನಿಂದ ಸಿಕ್ಕಿತ್ತು. ಇದನ್ನು ನಡೆದೇ ಪಡೆಯಬೇಕಾಯಿತು.

ಬೆಳಿಗ್ಗೆ ಬರ್ನಿಂಗ್ ಪಾಮ್ಸ್ ಬೀಚ್ ದಾಟಿ ಏರುವಾಗ ಪಾಮ್ ಜಂಗಲ್ ಬಂತು. ಬಿಸಿಲು ಬಿದ್ದ ಪೊದೆ ಮುಗಿದು ಒಮ್ಮೆಲೇ ತಾಳೆಯಂಥ ಮರಗಳು, ಒದ್ದೆ ಮಣ್ಣು, ಬಳ್ಳಿ. ಥೇಟ್ ನಮ್ಮ ಘಟ್ಟದ ತಂಪು. ಅಲ್ಲೊಂದು ಲೈರ್‌ಬರ್ಡ್ ಕೂಗುತ್ತಿತ್ತು. ಬೇರೆ ಹಕ್ಕಿಗಳ ದನಿಯನ್ನೆಲ್ಲ ಒಂದಾದ ಮೇಲೊಂದು ತೆಗೆಯುತ್ತದೆ. ಐದು ಹಕ್ಕಿ ಇವೆ ಅಂದುಕೊಂಡಿದ್ದೆ, ಇದ್ದದ್ದು ಒಂದೇ. ಆ ಏರು ಕಠಿಣ. ಅದರ ಮೇಲೆ ಆಟ್‌ಫರ್ಡ್ ಸ್ಟೇಷನ್, ಮನೆಗೆ ರೈಲು.

ನಿನ್ನ ಮೊಣಕಾಲಿನ ವಿಷಯ ಮರೆತಿಲ್ಲ. ಮೊದಲ ದಿನವೇ ಸುಮಾರು 18 ಕಿಲೋಮೀಟರ್ ಆಗುತ್ತದೆ, ನಿನಗೆ ಅದು ಬೇಡ. ಗ್ಯಾರಿವರೆಗೆ ಕಾರು ಹೋಗುತ್ತದೆ. ಅಲ್ಲಿಂದ ನಾರ್ತ್ ಈರಾ ಹತ್ತಿರ, ನಿಧಾನಕ್ಕೆ ಹೋಗೋಣ. ನೀರು ನಾನು ಹೊರುತ್ತೇನೆ, ಈ ಸಲ ತಲಾ ಐದು ಲೀಟರ್. ಮಗಳು ನಿನ್ನ ಚೀಲ ಹೊರುತ್ತಾಳಂತೆ, ಅವಳೇ ಹೇಳಿದ್ದು. ನಮ್ಮ ಟೆಂಟು ಮೂರು ಜನರದ್ದು, ಒಂದು ಜಾಗ ಖಾಲಿಯೇ ಇದೆ. ಕ್ಯಾಂಪ್ ಸಣ್ಣದು, ಮೊದಲೇ ಬುಕ್ ಮಾಡಬೇಕು. ಮುಂದಿನ ಜೂನ್‌ನಲ್ಲಿ ನಿನಗೆ ಯಾವ ವಾರ ರಜೆ ಸಿಗುತ್ತೆ, ಬೇಗ ಬರೆ. ಬರುವಾಗ ಅಮ್ಮನ ಹತ್ತಿರ ಸಾರಿನ ಪುಡಿ ಇಸಿದುಕೊಂಡು ಬಾ, ಮುಗಿಯುತ್ತಾ ಬಂದಿದೆ.

ನಿನ್ನ
ಹಳೇ ದಾರಿಯ ಗೆಳೆಯ