ನಿನ್ನ ಸ್ಕೂಟರ್ ಮೇಲಿನ ‘ಪ್ರೆಸ್’

ಪುಟ್ಟಿ,

ಹೋದ ವಾರ ನೀನು ಚಿಕ್ಕಬಳ್ಳಾಪುರಕ್ಕೆ ಬಂದಾಗ ಸ್ಕೂಟರ್ ಮುಂದೆ ಕೆಂಪು ಅಕ್ಷರದಲ್ಲಿ ‘ಪ್ರೆಸ್’ ಅಂತ ಅಂಟಿಸಿಕೊಂಡು ಬಂದಿದ್ದೆಯಲ್ಲ, ಅದನ್ನು ನೋಡಿ ನಾನು ನಕ್ಕಿದ್ದಕ್ಕೆ ನಿನಗೆ ಬೇಜಾರಾಯಿತಂತೆ, ಅಮ್ಮ ಹೇಳಿದಳು. ನಿನ್ನ ಕೆಲಸ ನೋಡಿ ನಕ್ಕಿದ್ದಲ್ಲ ಕಣೇ. ಇಪ್ಪತ್ತೆರಡು ವರ್ಷ ನಮ್ಮ ಅಚ್ಚಿನ ಅಂಗಡಿ ಬೋರ್ಡಿನ ಮೇಲೂ ಅದೇ ಪದ ಇತ್ತು. ಆಗ ಅದನ್ನು ನೋಡಿ ಯಾವ ಪೊಲೀಸೂ ದಾರಿ ಬಿಡಲಿಲ್ಲ. ಒಬ್ಬ ಅಜ್ಜ ಮಾತ್ರ ಪಂಚೆ ಹಿಡಿದುಕೊಂಡು ಒಳಗೆ ಬಂದು, ‘ಸಾಯಂಕಾಲದೊಳಗೆ ಇಸ್ತ್ರಿ ಆಗುತ್ತಾ?’ ಅಂತ ಕೇಳಿದ್ದ.

ಅಜ್ಜನದೂ ತಪ್ಪಲ್ಲ. ಲ್ಯಾಟಿನ್ನಿನಲ್ಲಿ ‘ಪ್ರೆಮೆರೆ’ ಅಂದರೆ ಒತ್ತು, ಅಮುಕು, ಅಷ್ಟೇ. ಅದು ಫ್ರೆಂಚರ ಬಾಯಿಗೆ ಬಿದ್ದು ಇಂಗ್ಲಿಷಿಗೆ ‘ಪ್ರೆಸ್’ ಆಗಿ ಬಂತು. ಬಟ್ಟೆ ಒತ್ತಿದರೂ ಪ್ರೆಸ್, ಹಣ್ಣು ಒತ್ತಿದರೂ ಪ್ರೆಸ್. ಇಂಗ್ಲಿಷಿನಲ್ಲಿ ಅದರ ತುಂಬ ಹಳೆಯ ಅರ್ಥಗಳಲ್ಲಿ ಒಂದು ಜನಜಂಗುಳಿ ಅಂತ. ಶಿವರಾತ್ರಿಗೆ ನಂದಿ ತೇರಿನಲ್ಲಿ ಉಸಿರಾಡೋಕೂ ಜಾಗ ಇಲ್ಲದೆ ನೀನು ನನ್ನ ಹೆಗಲ ಮೇಲೆ ಅತ್ತಿದ್ದೆಯಲ್ಲ, ಅದು ಹಳೇ ಇಂಗ್ಲಿಷರ ಲೆಕ್ಕದಲ್ಲಿ ಪ್ರೆಸ್ಸೇ. ನಮ್ಮಲ್ಲೂ ನೋಡು, ಬಟ್ಟೆಯನ್ನು ‘ಹಿಂಡು’ ಅನ್ನುತ್ತೇವೆ, ಕುರಿಗಳದ್ದೂ ‘ಹಿಂಡು’.

ಅದು ಅಚ್ಚಿನ ಮನೆಗೆ ಬಂದ ದಾರಿ ನಮ್ಮೂರಿನವರಿಗೆ ಬೇಗ ಅರ್ಥ ಆಗಬೇಕು. ಯಾಕೆಂದರೆ ನಡುವೆ ದ್ರಾಕ್ಷಿ ಇದೆ. 1450ರ ಸುಮಾರಿಗೆ ಜರ್ಮನಿಯ ಮೈಂಟ್ಸ್ ಊರಿನಲ್ಲಿ ಗುಟೆನ್‌ಬರ್ಗ್ ಬಿಡಿ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕಿದನಲ್ಲ, ಅವನು ಕಾಗದ ಒತ್ತಲು ಹಿಡಿದದ್ದು ಅಲ್ಲಿನವರು ದ್ರಾಕ್ಷಿ ಹಿಂಡುತ್ತಿದ್ದ ತಿರುಪಿನ ಯಂತ್ರದ ಮಾದರಿಯನ್ನೇ. ಮೇಲೆ ಹಿಡಿ, ನಡುವೆ ತಿರುಪು, ಕೆಳಗೆ ಹಲಗೆ. ನಮ್ಮ ಮನೆಯ ಶಾವಿಗೆ ಒರಳನ್ನು ಆಳೆತ್ತರಕ್ಕೆ ಬೆಳೆಸಿದ ಹಾಗೆ ಅಂದುಕೋ. ಇಲ್ಲಿ ತೋಟದ ತುಂಬ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದು, ಗಾಡಿಗಟ್ಟಲೆ ವೈನಿಗೂ ಜ್ಯೂಸಿಗೂ ಕಳಿಸುವ ನಮಗೆ ಈ ಕಥೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ನೋಡು.

ಇನ್ನೊಂದು ತಮಾಷೆ. ‘ಪ್ರಿಂಟ್’ ಅನ್ನೋದೂ ಅದೇ ಪ್ರೆಮೆರೆಯ ಮರಿ, ಫ್ರೆಂಚಿನ ಇನ್ನೊಂದು ಓಣಿಯಿಂದ ಬಂದದ್ದು. ಅಂದರೆ ‘ಪ್ರಿಂಟಿಂಗ್ ಪ್ರೆಸ್’ ಅಂದರೆ ಒತ್ತುವ ಒತ್ತು, ನಮ್ಮ ಗೇಟುಬಾಗಿಲು ಇದ್ದ ಹಾಗೆ.

‘ಇಂಪ್ರೆಸ್’ ಆಗೋದು ಅಂತ ನೀವು ಈಗ ಸುಮ್ನೆ ಅನ್ನುತ್ತೀರಿ, ನನಗೆ ಮಾತ್ರ ಇಂಪ್ರೆಶನ್ ಅಂದರೆ ಬೆರಳ ತುದಿಯ ವಿಷಯ. ಟ್ರೆಡಲ್, ಅದೇ ನಮ್ಮ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ, ತುಳಿದು ಒಂದು ಹಾಳೆ ತೆಗೆದು, ತಿರುಗಿಸಿ, ಹಿಂಬದಿಯನ್ನು ಕಣ್ಣು ಮುಚ್ಚಿ ಸವರುತ್ತಿದ್ದೆ. ಅಕ್ಷರ ಉಬ್ಬಿ ಕೈಗೆ ಸಿಕ್ಕರೆ ಒತ್ತಡ ಜಾಸ್ತಿ, ಹಾಳೆಯ ಬೆನ್ನಿಗೆ ಆನಿಕೆಯಾಗಿ ಕೊಟ್ಟ ಕಾಗದಗಳಲ್ಲಿ ಒಂದನ್ನು ತೆಗೆಯಬೇಕು. ಅಚ್ಚು ಮಂಕಾದರೆ ಒಂದು ಸೇರಿಸಬೇಕು. ಸಿಗರೇಟು ಪೊಟ್ಟಣದ ತೆಳು ಹಾಳೆಯಷ್ಟು ವ್ಯತ್ಯಾಸ. ಅದನ್ನು ಕಲಿಯೋಕೆ ನನಗೆ ಎರಡು ವರ್ಷ ಹಿಡಿಯಿತು.

ಕನ್ನಡಕ್ಕೆ ಇನ್ನೊಂದು ಕಷ್ಟ ಇತ್ತು. ಒತ್ತಕ್ಷರಗಳಿಗೆ ಬೇರೆ ಮೊಳೆ, ಅಕ್ಕಿ ಕಾಳಿನಷ್ಟು. ಕೈ ಜಾರಿದರೆ ನೆಲದ ಸಂದಿಗೆ. ಒಂದು ಗೃಹಪ್ರವೇಶದ ಕಾರ್ಡಿನಲ್ಲಿ ‘ಧರ್ಮಪತ್ನಿ’ಯ ನ ಒತ್ತು ಬಿದ್ದುಹೋಗಿದ್ದನ್ನು ನಾನು ನೋಡಲಿಲ್ಲ. ಒತ್ತು ಹೋದರೆ ಏನು ಉಳಿಯುತ್ತೆ ಹೇಳು? ಧರ್ಮಪತಿ! ಮುನ್ನೂರು ಕಾರ್ಡಿನಲ್ಲೂ ಆ ಯಜಮಾನರಿಗೆ ಗಂಡ. ಅವರು ಬೈಯಲಿಲ್ಲ, ಬಿದ್ದು ಬಿದ್ದು ನಕ್ಕರು, ಅದೇ ಜಾಸ್ತಿ ನೋವಾಯಿತು. ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ.

ಯಂತ್ರದ ಹೆಸರು ನಿಮಗೆ ಬಂದದ್ದು ಆಮೇಲೆ. ಮೊದಲು ಯಂತ್ರ ಪ್ರೆಸ್, ಆಮೇಲೆ ಯಂತ್ರ ಇರೋ ಮನೆ ಪ್ರೆಸ್, ಆಮೇಲೆ ಅಲ್ಲಿಂದ ಹೊರಬಿದ್ದ ಪತ್ರಿಕೆ, ಕೊನೆಗೆ ಅದಕ್ಕೆ ಬರೆಯುವ ನೀವು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂದಾಗ ಅದನ್ನು ಒತ್ತಿದ್ದು ಕಲ್ಲಚ್ಚಿನಲ್ಲಿ, ಅಂದರೆ ಅಕ್ಷರ ಮೂಡಿಸಿದ ಕಲ್ಲಿನಿಂದ, ಮೊಳೆಯೂ ಇರಲಿಲ್ಲ. ಹೊರತಂದ ಮೋಗ್ಲಿಂಗ್ ಸಾಹೇಬರ ಹೆಸರು ಎಲ್ಲರಿಗೂ ಗೊತ್ತು. ಕಲ್ಲಿನ ಹತ್ತಿರ ನಿಂತು ಹಾಳೆ ಎತ್ತಿದವನ ಹೆಸರು ನಾನು ಎಲ್ಲೂ ಓದಿಲ್ಲ. ಈಗ ಯಂತ್ರದ ಸದ್ದೇ ಕೇಳದ ಟಿವಿಯವರ ಮೈಕಿಗೂ ಪ್ರೆಸ್ ಅನ್ನುತ್ತಾರೆ. ಅನ್ನಲಿ ಬಿಡು. ನನ್ನ ನಗು ಹುಟ್ಟಿದ್ದು ಅಲ್ಲಿಂದ.

ಉಳಿದ ಸಂಸಾರ ನಿನಗೆ ಗೊತ್ತಿರುವುದೇ. ‘ಎಕ್ಸ್‌ಪ್ರೆಸ್’ ಅಂದರೆ ಒತ್ತಿ ಹೊರತಂದದ್ದು, ಇಟಲಿಯವರ ಎಸ್ಪ್ರೆಸೊ ಕಾಫಿಯೂ ಅದೇ. ‘ಸಪ್ರೆಸ್’ ಅಂದರೆ ಕೆಳಕ್ಕೆ ಒತ್ತಿ ಇಟ್ಟದ್ದು. ನಿನ್ನ ಕೆರೆ ಒತ್ತುವರಿ ಸುದ್ದಿ ಮೂರು ದಿನ ಡೆಸ್ಕಿನಲ್ಲೇ ಕೂತಿತ್ತಲ್ಲ, ಅದು ಎರಡರಲ್ಲಿ ಯಾವುದು ಅಂತ ನೀನೇ ಹೇಳಬೇಕು. ಒತ್ತುವರಿ, ಒತ್ತಾಯ, ಒತ್ತಡ, ಒತ್ತಾಸೆ, ನಮ್ಮ ‘ಒತ್ತು’ ಕೂಡ ಎಷ್ಟು ಕಡೆ ಓಡಾಡಿಕೊಂಡಿದೆ ನೋಡು. ಇಂಗ್ಲಿಷಿನವರು ಗಾಳಿ ಕುಸಿದರೂ ಮನಸ್ಸು ಕುಸಿದರೂ ‘ಡಿಪ್ರೆಶನ್’ ಅಂತ ಒಂದೇ ಪದ ಇಟ್ಟುಕೊಂಡಿದ್ದಾರೆ. ನಾವು ಬಂಗಾಳ ಕೊಲ್ಲಿಯದ್ದಕ್ಕೆ ‘ವಾಯುಭಾರ ಕುಸಿತ’ ಅಂತ ಹೆಸರಿಟ್ಟು, ಮನಸ್ಸಿನದ್ದಕ್ಕೆ ಹೆಚ್ಚಾಗಿ ‘ಸುಸ್ತು’ ಅಂತ ಹೇಳಿ ಫೋನ್ ಇಡುತ್ತೇವೆ. ನೀನೂ ಎರಡು ಸಲ ಹಾಗೇ ಇಟ್ಟೆ.

ಟ್ರೆಡಲ್ ಗುಜರಿಗೆ ಹೋದ ದಿನ ಮೊಳೆಗಳನ್ನೂ ಕೆಜಿ ಲೆಕ್ಕದಲ್ಲಿ ತೂಗಿಕೊಂಡು ಹೋದರು. ಒಂದು ನ ಒತ್ತು ಮಾತ್ರ ಆಮೇಲೆ ಗುಡಿಸುವಾಗ ಸಿಕ್ಕಿತು, ಅಮ್ಮನ ಕುಂಕುಮದ ಡಬ್ಬಿಯಲ್ಲಿದೆ. ಭಾನುವಾರ ಬಂದಾಗ ತಗೋ. ಬೆಳಗ್ಗೆಯೇ ಬಾ, ಅಮ್ಮ ಒತ್ತು ಶಾವಿಗೆ ಮಾಡುತ್ತಾಳಂತೆ. ಕಾಯಿ ಹಾಲು ನಾನು ಹಿಂಡುತ್ತೇನೆ, ಒರಳಿನ ಹಿಡಿ ತಿರುಗಿಸೋಕೆ ನನ್ನ ಭುಜ ಈಗ ಆಗುವುದಿಲ್ಲ.

ನಿನ್ನ ಅಪ್ಪ