ಮನೆಗೆ ಬರುವ ಶಾಲಾ ಚೀಟಿಯಲ್ಲಿ ಒಂದು ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೆ,

ಪ್ರಾಥಮಿಕ ಶಾಲೆಗಳಿಂದ ಮನೆಗಳಿಗೆ ಹೋಗುವ ಸಂದೇಶಗಳಿಗೆ ಈಗ ಬರವಿಲ್ಲ. ರಜೆ, ಶುಲ್ಕ ಕಟ್ಟುವ ಕೊನೆಯ ದಿನ, ಸಮವಸ್ತ್ರ, ಕಾರ್ಯಕ್ರಮದ ಫೋಟೊ ಎಲ್ಲವೂ ಮೊಬೈಲಿಗೆ ಬಂದು ಬೀಳುತ್ತವೆ. ಆದರೆ ಮಗು ಈ ವಾರ ಏನು ಕಲಿಯುತ್ತಿದೆ, ಎಲ್ಲಿ ಎಡವುತ್ತಿದೆ, ಮನೆಯವರು ಹತ್ತು ನಿಮಿಷ ಜೊತೆಗೆ ಕೂತರೆ ಏನು ಮಾಡಬಹುದು ಎಂಬುದು ಅವುಗಳಲ್ಲಿ ಸಿಗುವುದು ಅಪರೂಪ. ಕಲಿಕೆಯ ಸುದ್ದಿ ಬಂದರೂ ‘ಗಣಿತ: ಪಾಠ 4 ಮುಗಿದಿದೆ, ಕನ್ನಡ: ಪಾಠ 6 ನಡೆಯುತ್ತಿದೆ’ ಎಂಬಷ್ಟಕ್ಕೆ ನಿಲ್ಲುತ್ತದೆ. ಪಾಠ 4ರಲ್ಲಿ ಏನಿದೆ ಎಂದು ತಿಳಿಯಲು ಪುಸ್ತಕ ತೆರೆಯಬೇಕು. ತೆರೆದರೂ ಅದರಲ್ಲಿ ಮಕ್ಕಳಿಗೆ ಯಾವುದು ಕಷ್ಟ ಎಂಬುದು ಪಾಠ ಮಾಡಿದವರಿಗಷ್ಟೇ ಗೊತ್ತು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೀನ್ ಅವರು ಶಾಲೆಯೊಂದಿಗೆ ಕುಟುಂಬ ಕೈಜೋಡಿಸುವ ರೀತಿಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಸುದ್ದಿ ತಿಳಿಸುವುದು, ಕೇಳಿಸಿಕೊಳ್ಳುವುದು ಒಂದು ಬಗೆ. ಮನೆಯಲ್ಲಿ ಕಲಿಕೆಗೆ ಒತ್ತಾಸೆಯಾಗುವುದು ಬೇರೆಯೇ ಒಂದು ಬಗೆ. ನಮ್ಮಲ್ಲಿ ಹೆಚ್ಚಿನ ಶಾಲೆಗಳು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಎಂದುಕೊಳ್ಳುತ್ತವೆ. ಎರಡನೆಯದಕ್ಕೆ ಬೇಕಾದದ್ದು ವಾರಕ್ಕೊಂದು ಅರ್ಧ ಹಾಳೆ, ಅದರಲ್ಲಿ ಚೆನ್ನಾಗಿ ಆರಿಸಿದ ಒಂದೇ ಒಂದು ಉದಾಹರಣೆ. ಆ ಉದಾಹರಣೆಯನ್ನು ಆರಿಸುವುದರಲ್ಲೇ ಶಿಕ್ಷಕರ ಕಸುಬು ಇರುವುದು. ಹೀಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ದಶಕ ಬಿಡಿಸಿ ಕಳೆಯುವ ಲೆಕ್ಕ ನಡೆಯುತ್ತಿದೆ ಎನ್ನೋಣ. 52ರಲ್ಲಿ 27 ಕಳೆಯಲು ಕೊಟ್ಟರೆ ಉತ್ತರ 25. ಎಡವಿದ ಮಕ್ಕಳಲ್ಲಿ ಬಹಳಷ್ಟು ಮಂದಿ 35 ಎಂದು ಬರೆಯುತ್ತಾರೆ. ಈ 35 ಎರಡು ದಾರಿಯಿಂದ ಬರುತ್ತದೆ. ಕೆಲವು ಮಕ್ಕಳು ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ತಿರುಗಿಸಿ 7ರಿಂದ 2 ಕಳೆಯುತ್ತಾರೆ: 5. ಹತ್ತರ ಸ್ಥಾನದಲ್ಲಿ 5ರಿಂದ 2 ಹೋಗಿ 3. ಇನ್ನು ಕೆಲವರು ಸರಿಯಾಗಿಯೇ ಒಂದು ಹತ್ತನ್ನು ಬಿಡಿಗೆ ತರುತ್ತಾರೆ, 12ರಿಂದ 7 ಕಳೆದು 5 ಬರೆಯುತ್ತಾರೆ, ಆದರೆ ಹತ್ತರ ಸ್ಥಾನದ 5 ಈಗ 4 ಆಗಿದೆ ಎಂಬುದನ್ನು ಮರೆಯುತ್ತಾರೆ. ಅವರದೂ 35. ಮೊದಲನೆಯ ಮಗುವಿಗೆ ಕಳೆಯುವುದು ಎಂದರೇನು ಎಂಬುದೇ ಇನ್ನೂ ಸ್ಪಷ್ಟವಿಲ್ಲ. ಎರಡನೆಯ ಮಗುವಿಗೆ ವಿಷಯ ತಿಳಿದಿದೆ, ಗುರುತು ಹಾಕಿಕೊಳ್ಳುವ ಅಭ್ಯಾಸ ಸಾಲದು. ಇಬ್ಬರಿಗೂ ಕೆಂಪು ಗೀಟು ಒಂದೇ. ಮನೆಯವರು ಇಬ್ಬರಿಗೂ ‘ಪಕ್ಕದಿಂದ ಸಾಲ ತಗೋ’ ಎಂದೇ ಹೇಳುತ್ತಾರೆ. ಅದು ಮೊದಲನೆಯ ಮಗುವಿಗೆ ಅರ್ಥವಾಗುವುದಿಲ್ಲ, ಎರಡನೆಯ ಮಗುವಿಗೆ ಬೇಕಾಗಿಲ್ಲ.

ಆದ್ದರಿಂದ ಚೀಟಿಯಲ್ಲಿ 52–27ರ ಬದಲು 61–28 ಕೊಡುವುದು ಒಳ್ಳೆಯದು. ಸರಿ ಉತ್ತರ 33. ತಿರುಗಿಸಿ ಕಳೆದವರಿಗೆ 47 ಬರುತ್ತದೆ. ಹತ್ತು ಕಡಿಮೆ ಮಾಡಲು ಮರೆತವರಿಗೆ 43 ಬರುತ್ತದೆ. ಉತ್ತರ ನೋಡಿದ ಕೂಡಲೇ ದಾರಿ ಕಾಣುತ್ತದೆ. ಚೀಟಿಯ ಆ ಭಾಗ ಹೀಗಿರಬಹುದು:

‘ಈ ವಾರ ಹತ್ತನ್ನು ಬಿಡಿಸಿ ಕಳೆಯುವುದನ್ನು ಕಲಿಯುತ್ತಿದ್ದೇವೆ. ಮಗುವಿಗೆ 61–28 ಬರೆದುಕೊಡಿ. ಮಾಡುತ್ತಿರುವಾಗ ಮಾತಾಡಬೇಡಿ. ಆಮೇಲೆ, ಹೇಗೆ ಮಾಡಿದೆ ಹೇಳು ಎಂದಷ್ಟೇ ಕೇಳಿ. 33 ಬಂದರೆ ಸರಿ. 47 ಅಥವಾ 43 ಬಂದರೆ ಹತ್ತು ಹತ್ತು ಕಡ್ಡಿಗಳ 6 ಕಟ್ಟು, ಒಂದು ಬಿಡಿ ಕಡ್ಡಿ ಇಟ್ಟು, ಅದರಲ್ಲಿ 28 ತೆಗೆದುಕೊಡು ಎನ್ನಿ. ಒಂದು ಕಟ್ಟು ಬಿಚ್ಚದೆ ಆಗುವುದಿಲ್ಲ ಎಂಬುದು ಮಗುವಿಗೇ ಕಾಣಲಿ. ಬಂದ ಉತ್ತರವನ್ನು ತಿದ್ದದೆ ಕೆಳಗಿನ ತುಂಡಿನಲ್ಲಿ ಬರೆದು ಕಳಿಸಿ.’

ತಿದ್ದದೆ ಕಳಿಸಿ ಎಂಬ ಮಾತು ಮುಖ್ಯ. ಮನೆಯಲ್ಲಿ ತಿದ್ದಿ, ಅಂದವಾಗಿ ಮತ್ತೆ ಬರೆಸಿ ಕಳಿಸಿದ ಪುಟದಿಂದ ಶಿಕ್ಷಕರಿಗೆ ಏನೂ ತಿಳಿಯದು. ಪೋಷಕರಿಗೆ ಇದನ್ನು ಬಾಯಿ ಬಿಟ್ಟು ಹೇಳದಿದ್ದರೆ ಅವರು ತಿದ್ದಿಯೇ ತಿದ್ದುತ್ತಾರೆ. ತಪ್ಪು ಉತ್ತರ ಕಳಿಸಿದರೆ ಮಗುವಿಗೆ ಬೈಗುಳ ಬೀಳುತ್ತದೆ ಎಂಬ ಅಂಜಿಕೆ ಅವರಿಗೆ ಇದ್ದೇ ಇರುತ್ತದೆ.

ಕನ್ನಡ ಓದಿಗೂ ಇದೇ ಕ್ರಮ ಸಲ್ಲುತ್ತದೆ. ‘ಒತ್ತಕ್ಷರ ಅಭ್ಯಾಸ ಮಾಡಿಸಿ’ ಎಂದರೆ ಮನೆಯವರು ಪಟ್ಟಿ ಬರೆಸುತ್ತಾರೆ, ಮಗು ಹತ್ತು ಸಲ ನಕಲು ಮಾಡುತ್ತದೆ, ಓದಲು ಕೊಟ್ಟರೆ ಮತ್ತೆ ಅಲ್ಲಿಯೇ ನಿಲ್ಲುತ್ತದೆ. ಅರ್ಕಾವತ್ತನ್ನೇ ನೋಡಿ. ‘ಸೂರ್ಯ’ದಲ್ಲಿ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ಯಕಾರದ ನಂತರ ಬರುತ್ತದೆ. ಎಡದಿಂದ ಬಲಕ್ಕೆ ಒಂದೊಂದೇ ಗುರುತು ಹಿಡಿದು ಓದುವ ಮಗು ‘ಸೂಯ್ರ’ ಎನ್ನುವುದು ಸಹಜ. ಅದು ಅಜಾಗರೂಕತೆಯಲ್ಲ, ಕಲಿಸಿದ ನಿಯಮವನ್ನೇ ಮಗು ಪಾಲಿಸಿದೆ. ಚೀಟಿಯಲ್ಲಿ ಈ ಎರಡು ಸಾಲು ಇದ್ದು, ಜೊತೆಗೆ ಸೂರ್ಯ, ಮಾರ್ಗ, ವರ್ಷ, ಪರ್ವತ ಎಂಬ ನಾಲ್ಕು ಪದ ಕೊಟ್ಟು, ‘ಮೊದಲು ಪದವನ್ನು ಬಾಯಲ್ಲಿ ಹೇಳಿಸಿ, ರ್ ಎಲ್ಲಿ ಕೇಳಿತು ಎಂದು ಕೇಳಿ, ಆಮೇಲೆ ಬರಹದಲ್ಲಿ ಅದರ ಗುರುತನ್ನು ಬೆರಳಿಟ್ಟು ತೋರಿಸಲಿ’ ಎಂದು ಬರೆದರೆ ಐದು ನಿಮಿಷದ ಕೆಲಸ. ಮಗು ಓದುತ್ತಿರುವಾಗ ಪದದ ನಡುವೆ ತಡೆಯಬಾರದು, ವಾಕ್ಯ ಮುಗಿದ ಮೇಲೆ ಹಿಂದಕ್ಕೆ ಹೋಗಬೇಕು ಎಂಬುದನ್ನೂ ಸೇರಿಸಬೇಕು. ತಾನೇ ತಿದ್ದಿಕೊಳ್ಳಲು ಮಗುವಿಗೆ ಎರಡು ಮೂರು ಸೆಕೆಂಡು ಬೇಕಾಗುತ್ತದೆ. ದೊಡ್ಡವರು ಅಷ್ಟು ಹೊತ್ತು ಕಾಯುವುದು ಕಷ್ಟ.

ಓದುವ ವೇಗವನ್ನು ನಿಮಿಷಕ್ಕೆ ಇಂತಿಷ್ಟು ಪದ ಎಂದು ತಿಳಿಸುವ ಶಾಲೆಗಳೂ ಇವೆ. ಇಂಗ್ಲಿಷಿಗೆಂದು ಮಾಡಿದ ಅಳತೆಯನ್ನು ಕನ್ನಡಕ್ಕೆ ಹಾಗೇ ತರಬಾರದು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳಲ್ಲಿ ಹೇಳುವುದನ್ನು ನಾವು ‘ಮನೆಯಲ್ಲಿದ್ದವರಿಗೆ’ ಎಂದು ಒಂದೇ ಪದದಲ್ಲಿ ಹೇಳುತ್ತೇವೆ. ಪದದ ಲೆಕ್ಕದಲ್ಲಿ ಕನ್ನಡದ ಮಗು ನಿಧಾನಿಯಾಗಿ ಕಾಣುತ್ತದೆ, ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ.

ಇನ್ನು ಕಳಿಸುವ ಬಗೆ. ದಿನ ಒಂದೇ ಇರಲಿ. ಶುಕ್ರವಾರವಾದರೆ ಪ್ರತಿ ಶುಕ್ರವಾರ. ಕಲಿಕೆಯ ವಿಷಯ ಒಂದು ಕಡೆ, ದಿನಾಂಕಗಳು ಇನ್ನೊಂದು ಕಡೆ. ಇವೆರಡನ್ನು ಬೆರೆಸಿದರೆ ಜನ ದಿನಾಂಕ ನೋಡಿ ಹಾಳೆ ಮಡಚಿಡುತ್ತಾರೆ. ದಿನಾಂಕಗಳನ್ನು ಕಚೇರಿಯವರು ತುಂಬಲಿ, ಕಲಿಕೆಯ ಭಾಗವನ್ನು ತರಗತಿ ಶಿಕ್ಷಕರೇ ಬರೆಯಲಿ. ಎ4 ಹಾಳೆಯ ಅರ್ಧ, ಎಂದರೆ 148×210 ಮಿಲಿಮೀಟರ್, ಧಾರಾಳ ಸಾಕು. ಕೆಳಗೆ ಹರಿದು ಮರಳಿಸಲು ಮೂರು ಬೆರಳಗಲದ ತುಂಡು ಬಿಡಬೇಕು. ಅದರಲ್ಲಿ ಮಗುವಿನ ಹೆಸರು, ಬಂದ ಉತ್ತರ, ಮನೆಯವರು ಕೇಳಬೇಕೆಂದಿರುವ ಒಂದು ಪ್ರಶ್ನೆ, ಇಷ್ಟಕ್ಕೆ ಜಾಗವಿರಲಿ.

‘ನಾಳೆ’ ಎಂಬ ಪದವನ್ನು ಶಾಲಾ ಸಂದೇಶದಿಂದ ತೆಗೆದೇಬಿಡಬೇಕು. ಸಂಜೆ ಕಳಿಸಿದ್ದನ್ನು ಮಾರನೆಯ ಬೆಳಿಗ್ಗೆ ಓದಿದವರಿಗೆ ನಾಳೆ ಎಂದರೆ ಇನ್ನೊಂದು ದಿನ. ವಾರ, ತಾರೀಖು ಎರಡನ್ನೂ ಬರೆದರೆ ಒಂದು ತಪ್ಪಿದ್ದರೂ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಮಕ್ಕಳು ಏನಾದರೂ ತರಬೇಕಿದ್ದರೆ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕು.

ಎಸ್ಸೆಮ್ಮೆಸ್ ಬಳಸುವ ಶಾಲೆಗಳು ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷ್ ಸಂದೇಶವೊಂದರಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಗುರುತು. ಮೀರಿದರೆ ಸಂದೇಶ 67–67ರ ತುಂಡುಗಳಾಗಿ ಹೋಗುತ್ತದೆ. ಈ 70 ನಾವು ಎಣಿಸುವ ಅಕ್ಷರಗಳಲ್ಲ. ಕಾಗುಣಿತದ ಗುರುತು, ಒತ್ತಿಗೆ ಮುನ್ನ ಬರುವ ಹಲಂತ, ಪದಗಳ ನಡುವಿನ ಖಾಲಿ ಜಾಗ ಎಲ್ಲಕ್ಕೂ ಲೆಕ್ಕವಿದೆ. ‘ಶುಕ್ರವಾರ ಶಾಲೆಗೆ ರಜೆ’ ಎಂಬುದು ನಮಗೆ 9 ಅಕ್ಷರ, ಯಂತ್ರಕ್ಕೆ 19. ಹೀಗಾಗಿ ‘ಪ್ರಿಯ ಪೋಷಕರೆ, ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂದು ಶುರುಮಾಡಿದರೆ ಮುಖ್ಯ ವಿಷಯ ಬರುವ ಹೊತ್ತಿಗೆ ಮೊದಲ ಸಂದೇಶದ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿರುತ್ತದೆ. ದಿನ ಮತ್ತು ವಿಷಯ ಮೊದಲು, ಮಿಕ್ಕದ್ದು ನಂತರ.

ವಾಟ್ಸ್‌ಆ್ಯಪ್‌ನಲ್ಲಿ ಬೇರೆ ತೊಡಕು. ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳಿಸಿದ್ದು, ಶಾಲೆಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಮಾಡಿಕೊಳ್ಳದವರಿಗೆ ಬರುವುದಿಲ್ಲ, ಬಂದಿಲ್ಲ ಎಂದು ಅವರಿಗೆ ಗೊತ್ತೂ ಆಗುವುದಿಲ್ಲ. ಗ್ರೂಪ್ ಮಾಡಿದರೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ ಮಾಡಬೇಕು. ಇಲ್ಲದಿದ್ದರೆ ಶುಭೋದಯಗಳ ಅಡಿಯಲ್ಲಿ ಪರೀಕ್ಷೆಯ ದಿನಾಂಕ ಹೂತುಹೋಗುತ್ತದೆ. ಕಳಿಸಿದ 15 ನಿಮಿಷದೊಳಗೆ ತಪ್ಪನ್ನು ತಿದ್ದಲು ಬರುತ್ತದೆ, ಆದರೆ ಅಷ್ಟರಲ್ಲಿ ಓದಿದವರು ಮತ್ತೆ ನೋಡುವುದಿಲ್ಲ. ಹಾಗಾಗಿ ದಿನಾಂಕ ತಪ್ಪಿದ್ದರೆ ಹಳೆಯದನ್ನು ಅಳಿಸಿ, ‘ತಿದ್ದುಪಡಿ’ ಎಂದು ಮೇಲೆ ಬರೆದು ಪೂರ್ತಿ ಸಂದೇಶವನ್ನು ಮತ್ತೆ ಕಳಿಸುವುದೇ ಸರಿ. ‘ಮೇಲಿನದರಲ್ಲಿ 14ರ ಬದಲು 16 ಎಂದು ಓದಿಕೊಳ್ಳಿ’ ಎಂದರೆ ಯಾವ ಮೇಲಿನದು ಎಂಬ ಪ್ರಶ್ನೆ ಹುಟ್ಟುತ್ತದೆ.

ಸುತ್ತೋಲೆಯ ಫೋಟೊ ತೆಗೆದು ಹಾಕುವುದು ಸುಲಭವಾದರೂ ಅದರಿಂದ ಕೆಲವು ಮನೆಗಳು ಹೊರಗೇ ಉಳಿಯುತ್ತವೆ. ಟೈಪ್ ಮಾಡಿದ ಪಠ್ಯವನ್ನು ಫೋನ್ ಗಟ್ಟಿಯಾಗಿ ಓದಿ ಹೇಳಬಲ್ಲದು, ಮನೆಮಾತು ಬೇರೆ ಇರುವವರು ಅದನ್ನು ನಕಲು ಮಾಡಿ ಅನುವಾದಿಸಿಕೊಳ್ಳಬಲ್ಲರು. ಓರೆಯಾಗಿ ತೆಗೆದ ಮಸುಕು ಫೋಟೊದಿಂದ ಇದು ಸಲೀಸಾಗಿ ಆಗದು. ಓದಲು ಬಾರದ ಹಿರಿಯರು ಮಗುವನ್ನು ನೋಡಿಕೊಳ್ಳುವ ಮನೆಗಳಿಗೆ ಅದೇ ಚೀಟಿಯನ್ನು ಒಂದು ನಿಮಿಷದ ಧ್ವನಿ ಸಂದೇಶವಾಗಿ ಶಿಕ್ಷಕರೇ ಓದಿ ಕಳಿಸಬಹುದು. ಕಡ್ಡಿ ಕಟ್ಟು ಬಿಚ್ಚಿಸಲು ಅಕ್ಷರ ಗೊತ್ತಿರಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಕೂಡದು. ಹೋಮ್‌ವರ್ಕ್ ಮಾಡದವರ ಪಟ್ಟಿ, ಅಂಕಗಳ ಪಟ್ಟಿ, ಒಬ್ಬ ಮಗುವಿನ ನಡವಳಿಕೆಯ ದೂರು, ಇವು ಗ್ರೂಪ್‌ಗೆ ಹೋಗಲೇಬಾರದು. ಗ್ರೂಪಿನಲ್ಲಿ ಬಿದ್ದದ್ದು ಯಾರ ಯಾರ ಫೋನಿನಲ್ಲಿ ಉಳಿಯುತ್ತದೆ ಎಂಬುದು ಶಾಲೆಯ ಕೈಯಲ್ಲಿಲ್ಲ, ಮಾರನೆಯ ದಿನ ಆ ಮಗು ಅದೇ ಬೆಂಚಿನಲ್ಲಿ ಕೂರಬೇಕು. ಮಗುವಿನ ಬಗ್ಗೆ ಹೇಳುವುದನ್ನು ಅದರ ಮನೆಯವರಿಗಷ್ಟೇ ಹೇಳಬೇಕು. ಹೇಳುವಾಗಲೂ ‘ಗಮನ ಸಾಲದು’, ‘ಚುರುಕಿಲ್ಲ’ ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ‘ಎರಡಂಕಿಯ ಸಂಖ್ಯೆಗಳನ್ನು ಕೇಳಿ ಸರಿಯಾಗಿ ಬರೆಯುತ್ತಾಳೆ. ಮುನ್ನೂರ ನಾಲ್ಕು ಎಂದರೆ 3004 ಎಂದು ಬರೆಯುತ್ತಾಳೆ. ಮುನ್ನೂರನ್ನು 300 ಎಂದು ಬರೆದು ಪಕ್ಕದಲ್ಲಿ 4 ಸೇರಿಸುತ್ತಿದ್ದಾಳೆ. ಮುಂದಿನ ವಾರ ನೂರು, ಹತ್ತು, ಬಿಡಿ ಎಂಬ ಮೂರು ಮನೆಗಳಲ್ಲಿ ಬರೆಸುತ್ತೇವೆ, ಮನೆಯಲ್ಲೂ 205, 407, 610 ಬರೆಸಿ’ ಎಂದರೆ ತಂದೆತಾಯಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ.

ಇದಕ್ಕೆಲ್ಲ ಸಮಯವೆಲ್ಲಿ ಎಂದು ಶಿಕ್ಷಕರು ಕೇಳುವುದು ನ್ಯಾಯವೇ. ಅಚ್ಚು ಒಮ್ಮೆ ಸಿದ್ಧವಾದರೆ ಪ್ರತಿ ವಾರ ಬದಲಾಗುವುದು ಐದಾರು ಸಾಲು ಮಾತ್ರ. ಒಂದೇ ತರಗತಿಯ ಬೇರೆ ವಿಭಾಗಗಳ ಶಿಕ್ಷಕರು ಸರದಿಯಲ್ಲಿ ಬರೆಯಬಹುದು. ಕಳೆದ ವರ್ಷದ ಚೀಟಿಗಳನ್ನು ಒಂದು ಫೈಲಿನಲ್ಲಿ ಇಟ್ಟರೆ ಈ ವರ್ಷ ತಿದ್ದಿಕೊಂಡರೆ ಸಾಕು. ಎಲ್ಲ ವಿಷಯಗಳನ್ನೂ ತುಂಬುವ ಆಸೆ ಬೇಡ. ವಾರಕ್ಕೆ ಒಂದು ಗಣಿತ, ಒಂದು ಓದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶಾಲಾಪೂರ್ವ ಮಕ್ಕಳ ಪೋಷಕರಿಗಾಗಿ ನಡೆದ ಮೊಬೈಲ್ ಸಂದೇಶದ ಕಾರ್ಯಕ್ರಮವೊಂದು ವಾರಕ್ಕೆ ಮೂರೇ ಸಂದೇಶ ಕಳಿಸಿತ್ತು: ಈ ಕೌಶಲ ಯಾಕೆ ಬೇಕು, ಮನೆಯಲ್ಲಿ ಏನು ಮಾಡಬಹುದು, ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವುದು ಹೇಗೆ. ನಮ್ಮ ಚೀಟಿಗೂ ಈ ಮೂರು ಸಾಲಿನ ಅಳತೆ ಸರಿಹೊಂದುತ್ತದೆ.

ಶುಕ್ರವಾರ ಹೋದ ತುಂಡುಗಳು ಸೋಮವಾರ ಮರಳಿದಾಗ ಅವನ್ನು ಕಪಾಟಿನಲ್ಲಿ ಇಟ್ಟುಬಿಟ್ಟರೆ ಮುಂದಿನ ವಾರದಿಂದ ಬರುವುದು ನಿಂತುಹೋಗುತ್ತದೆ. ಪಾಠ ಶುರುವಾಗುವ ಮೊದಲೇ ಅವನ್ನು ಬೇರ್ಪಡಿಸಿ. 47 ಬರೆದವರಿಗೆ ಕಡ್ಡಿ ಕಟ್ಟು ಮತ್ತೆ ಬೇಕು. 43 ಬರೆದವರಿಗೆ ಕಡ್ಡಿ ಬೇಡ. 6ನ್ನು ಹೊಡೆದು ಮೇಲೆ 5 ಎಂದು ಬರೆಯುವ ಅಭ್ಯಾಸವನ್ನು ಆರು ಲೆಕ್ಕಗಳಲ್ಲಿ ಮಾಡಿಸಿದರೆ ಸಾಕು. ಉತ್ತರದ ಜಾಗ ಖಾಲಿ ಬಿಟ್ಟು, ‘ಮಗು ಅಳಲು ಶುರುಮಾಡಿತು, ನಿಲ್ಲಿಸಿದೆವು’ ಎಂದು ಬರೆದ ತುಂಡು ಬಂದರೆ, ಅಂದು ಸಂಜೆಯೇ ಆ ಮನೆಗೆ ಒಂದು ಕರೆ ಮಾಡಬೇಕು.

ಇಂತಿ,
ಪ್ರಾಥಮಿಕ ಶಾಲಾ ಶಿಕ್ಷಕಿಯರು